ಬಳೆ ಖಾಲಾ ಮತ್ತು ಇಂಗ್ಲಿಷ್ ಅಜ್ಜನ ಹುಟ್ಟುಹಬ್ಬ

ಖಾಲಾ ಅವರ ಎಡಗೈ ಬೆರಳುಗಳ ತುಂಬ ಕೂದಲೆಳೆಯಷ್ಟು ತೆಳುವಾದ ಬಿಳಿ ಗೀರುಗಳಿದ್ದವು. ನಲವತ್ತು ವರ್ಷ ಊರಿನ ಹೆಂಗಸರಿಗೆ ಗಾಜಿನ ಬಳೆ ತೊಡಿಸುವಾಗ ಒಡೆದ ಚೂರುಗಳು ಎಳೆದ ಗೀರುಗಳು ಅವು. ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತಿದ್ದವು. ಅಷ್ಟು ಗಾಯ ಕಂಡ ಕೈ ಒರಟಾಗಿರಬೇಕಿತ್ತು. ಆದರೆ ಅವರು ನಮ್ಮ ಮುಂಗೈ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ಮೆದು ಮಾಡುತ್ತ, ಏನಾದರೊಂದು ಕೇಳುತ್ತಿದ್ದರು. ನಾವು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬಳೆ ಗಂಟು ದಾಟಿ ಮಣಿಕಟ್ಟಿಗೆ ಬಂದು ಕೂತಿರುತ್ತಿತ್ತು.

ಸುರಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನನ್ನ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಖಾಲಾ ಅವರ ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಬಳೆ ಅಂಗಡಿ. ಖಾಲಾ ಎಂದರೆ ದಖನಿಯಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ನನ್ನ ಅವ್ವನಿಗಿಂತ ಹತ್ತು ವರ್ಷ ದೊಡ್ಡವರಾದ ಅವರು ಯಾವ ಲೆಕ್ಕದಲ್ಲಿ ಮನೆಮಂದಿಗೆಲ್ಲ ಖಾಲಾ ಆದರೋ ಗೊತ್ತಿಲ್ಲ. ಅವ್ವನೂ ಅವರನ್ನು ಖಾಲಾ ಎಂದೇ ಕರೆಯುತ್ತಿದ್ದಳು, ಅಪ್ಪನೂ ಹಾಗೇ.

ಯಾವ ಪ್ರಶ್ನೆಗೂ ಅವರು ನಿಂತು ಉತ್ತರ ಕೊಟ್ಟವರಲ್ಲ. "ಖಾಲಾ, ಸಕ್ಕರಿ ಅದ ಏನ್ರಿ?" ಎಂದು ಕೇಳಿದರೂ, "ತಡಿ, ಕೂತು ಹೇಳ್ತೀನಿ" ಎಂದು ಕೂತೇಬಿಡುವರು. ಕೂತರೆ ಎದುರಿನವರ ಮುಂಗೈ ಅವರ ಕೈಯಲ್ಲಿ. ಮಾತಾಡುವಾಗ ಯಾರದಾದರೂ ಕೈ ಹಿಡಿದಿರಬೇಕು, ಅದು ಕಸುಬಿನಿಂದ ಬಂದ ಚಾಳಿ. ಹಿಡಿದ ಕೈಯಿಂದಲೇ ಅವರಿಗೆ ಸಮಾಚಾರ ತಿಳಿಯುತ್ತಿತ್ತು. "ಕೈ ಒಣಗ್ಯಾದ. ಊಟ ಬಿಟ್ಟೀಯೇನು?" ಎನ್ನುವರು. ಹೌದು, ಬಿಟ್ಟಿರುತ್ತಿದ್ದೆ.

ಆ ವರ್ಷ ನಾನು ಊಟ ಬಿಟ್ಟದ್ದಕ್ಕೆ ಕಾರಣ ಒಂದು ಇಂಗ್ಲಿಷ್ ಸಿನಿಮಾ.

ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಶಹಾಪುರದ ಕಾಲೇಜಿನಲ್ಲಿ ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ಅದೂ ಮುಗಿದು ಮನೆಯಲ್ಲಿ ಕೂತಿದ್ದೆ. ಗೆಳತಿಯೊಬ್ಬಳ ಮೂಲಕ ಹೈದರಾಬಾದಿನ ಒಂದು ಸಂಸ್ಥೆಯಿಂದ ಕೆಲಸ ಸಿಕ್ಕಿತು. ಪರದೇಶದ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು. ಮೊದಲು ಕಳಿಸಿದ್ದು ಬ್ರಿಟನ್ನಿನ ಒಂದು ಹಾಸ್ಯ ಚಿತ್ರ. ಹಾಸ್ಯವೆಂದರೆ ಸಂಕಟದಲ್ಲೂ ನಗಿಸುವ ಕರಿ ಹಾಸ್ಯ. ಹಳ್ಳಿಮನೆಯೊಂದರಲ್ಲಿ ಮುದುಕನೊಬ್ಬನ ಎಂಬತ್ತನೆಯ ಹುಟ್ಟುಹಬ್ಬ. ಮೂವರು ಮಕ್ಕಳು ಸಂಸಾರ ಸಮೇತ ಊಟಕ್ಕೆ ಬಂದು ಸೇರುತ್ತಾರೆ. ಅಳಿಯನ ನಾಯಿ ಕೇಕು ತಿನ್ನುತ್ತದೆ, ಒಲೆಯಲ್ಲಿ ಮಾಂಸ ಕರಕಾಗುತ್ತದೆ. ಇನ್ನು ಮುಂದೆ ಅಪ್ಪನನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಜಗಳ ಮೇಜಿನ ಮೇಲೆ ಬಡಿಸಿದ ಊಟಕ್ಕಿಂತ ಬಿಸಿಯಾಗುತ್ತದೆ. ಮುದುಕ ಮಾತ್ರ ಕಾಗದದ ಬಣ್ಣದ ಟೋಪಿ ಹಾಕಿಕೊಂಡು ಮೇಜಿನ ತುದಿಯಲ್ಲಿ ಕೂತಿರುತ್ತಾನೆ.

ನಾನು ಮೊದಲ ಇಪ್ಪತ್ತು ನಿಮಿಷದ ಮಾತುಗಳನ್ನು ಕನ್ನಡಕ್ಕೆ ಇಳಿಸಿ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು. "ವ್ಯಾಕರಣ ಸರಿಯಾಗಿದೆ. ನಗು ಬರುತ್ತಿಲ್ಲ. ಹತ್ತು ದಿನದಲ್ಲಿ ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ."

ನಾನು ಬಾಗಿಲು ಹಾಕಿಕೊಂಡು ಅದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿ, ನನ್ನ ಸಾಲುಗಳನ್ನು ಜೋರಾಗಿ ಓದಿ ನೋಡುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಖಾಲಾ ಬಂದು ಬಾಗಿಲು ಬಡಿದರು.

"ಯಾರ ಕೂಡ ಜಗಳ ಮಾಡಾಕತ್ತೀ ಬೇಟಿ? ಮೂರು ದಿನಾ ಆತು, ಅದೇ ಜಗಳ. ನನಗ ಬಾಯಿಪಾಠ ಆಗ್ಯಾದ."

ಹೇಳಿದೆ. ಅವರು ಕೂತರು. ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ್ದ ದಾರವನ್ನು ಕಿವಿಗೆ ಸಿಕ್ಕಿಸಿಕೊಂಡು, "ಹಾಕು, ನೋಡೋಣ" ಎಂದರು.

ಖಾಲಾಗೆ ಇಂಗ್ಲಿಷ್ ಒಂದಕ್ಷರ ಬಾರದು. ಕನ್ನಡವನ್ನೂ ಓದಲು ಬಾರದು. ಪರದೆಯ ಮೇಲೆ ಅಣ್ಣ ತಡವಾಗಿ ಬರುತ್ತಾನೆ, ಕೈಯಲ್ಲಿ ಒಂದು ಬಾಡಿದ ಹೂಗುಚ್ಛ. ಬೆಳಗಿನಿಂದ ಅಡುಗೆಮನೆಯಲ್ಲಿ ಬೆಂದಿದ್ದ ತಂಗಿ ಅದನ್ನು ನೋಡಿ ತೆಳ್ಳಗೆ ನಕ್ಕು ಒಂದು ಮಾತು ಹೇಳುತ್ತಾಳೆ. ನಾನು ಬರೆದದ್ದನ್ನು ಓದಿದೆ: "ನೀವು ಬಹಳ ಕಾಳಜಿಯಿಂದ ನಡೆದುಕೊಂಡಿರಿ."

ಖಾಲಾ ನನ್ನ ಮುಖ ನೋಡಿದರು. "ಆಕಿ ಬೈಯಾಕತ್ತಾಳ ಅಲ್ಲ?"

"ಹೌದ್ರಿ. ಹೊಗಳಿದಂಗ ಬೈಯಾಕತ್ತಾಳ."

"ಹಂಗಂದ್ರ ಬೈ. 'ಬಾಳ ಉಪಕಾರ ಆತಪ್ಪಾ ನಿಂದು' ಅನ್ನು. ಎಲ್ಲಿಂದ ತಂದಿ 'ನಡೆದುಕೊಂಡಿರಿ' ಅಂತ? ಅಣ್ಣನ ಕೂಡ ಜಗಳ ತಗಿಯಾಕ ಅರ್ಜಿ ಬರಿತಾರೇನು?"

ನನಗೆ ನಗು ಬಂತು. ಆ ಸಿನಿಮಾ ಕೈಗೆ ಬಂದ ಮೇಲೆ ಮೊದಲ ಸಲ ನಕ್ಕಿದ್ದೆ.

ಮರುದಿನದಿಂದ ಮಧ್ಯಾಹ್ನದ ನಮಾಜು ಮುಗಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು ಖಾಲಾ ಬರತೊಡಗಿದರು. ನಾನು ಇಂಗ್ಲಿಷ್ ಮಾತಿನ ಅರ್ಥ ಹೇಳುವುದು, ಅವರು ಆ ಮನುಷ್ಯನ ಮುಖ ನೋಡುವುದು, ಆಮೇಲೆ ಒಂದು ಮಾತು ಹೇಳುವುದು. ದೊಡ್ಡ ಸೊಸೆ ಬಂದಾಗಲೆಲ್ಲ "ಈಕಿ ಮಾತಿಗೆ ಸಕ್ಕರಿ ಜಾಸ್ತಿ ಹಾಕು" ಎನ್ನುವರು. ಅಳಿಯ ಬಾಯಿ ತೆರೆದರೆ "ಇವನಿಗೆ ಉದ್ದ ಮಾತು ಕೊಡಬ್ಯಾಡ, ಹೆಂಡ್ತಿಗೆ ಅಂಜ್ತಾನ." ಬಳೆ ತೊಡಿಸುತ್ತ ನಲವತ್ತು ವರ್ಷ ಅವರು ಕೇಳಿದ್ದು ಇಂಥ ಮಾತುಗಳನ್ನೇ. ಅತ್ತೆ ಎದುರಿದ್ದಾಗ ಸೊಸೆ ಆಡುವ ಮಾತು, ಅತ್ತೆ ಆಚೆ ಹೋದ ಮೇಲೆ ಆಡುವ ಮಾತು, ಎರಡೂ ಅವರಿಗೆ ಗೊತ್ತಿದ್ದವು. ಇಂಗ್ಲೆಂಡಿನ ಆ ಮನೆಯವರನ್ನು ಅವರು ನಮ್ಮ ಓಣಿಯವರಂತೆ ಗುರುತು ಹಿಡಿದುಬಿಟ್ಟರು.

ಐದನೆಯ ದಿನ ಊಟದ ದೃಶ್ಯ. ಮೂವರು ಮಕ್ಕಳೂ ಎದ್ದು ನಿಂತು ಕೂಗಾಡುತ್ತಿದ್ದಾರೆ. ನಾನು ಅವರ ತುಟಿ ನೋಡುತ್ತ ಬರೆಯುತ್ತಿದ್ದೆ. ಖಾಲಾ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದರು.

"ಅಜ್ಜ ಹೋಗ್ಯಾನ."

"ಎಲ್ಲಿಗ್ರಿ?"

"ಹೋಗ್ಯಾನ ಬೇಟಿ. ಚಮಚ ಹಿಡಿದ ಕೈ ನೋಡು."

ಹಿಂದಕ್ಕೆ ಹಾಕಿ ನೋಡಿದೆ. ನಿಜ. ಕಾಗದದ ಟೋಪಿಯ ಮುದುಕ ಕೂತಲ್ಲೇ ತೀರಿಹೋಗಿದ್ದ. ಅದು ಮೇಜಿನ ಸುತ್ತ ಇದ್ದವರಿಗೆ ತಿಳಿಯುವುದು ಕಾಲು ಗಂಟೆಯ ಮೇಲೆ. ನಾನು ಆ ಸಿನಿಮಾ ಹತ್ತು ಸಲ ನೋಡಿದ್ದೆ. ಪ್ರಾಣ ಹೋದ ಗಳಿಗೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಮುಂದಿನ ಕಾಲು ಗಂಟೆಯಲ್ಲಿ ಚಿತ್ರದ ಅತಿ ದೊಡ್ಡ ನಗೆಮಾತುಗಳಿವೆ. ಖಾಲಾ ಒಂದಕ್ಕೂ ನಗಲಿಲ್ಲ. ಪರದೆಯ ಮೂಲೆಯಲ್ಲಿದ್ದ ಆ ಕೈಯನ್ನೇ ನೋಡುತ್ತ ಕೂತು, ಎದ್ದು ಹೋದರು.

ಅವರ ತಾಯಿಯ ಕತೆ ನನಗೆ ಗೊತ್ತಿತ್ತು. ಮುದುಕಿ ಇದ್ದದ್ದು ಖಾಲಾ ಜೊತೆಗೇ. ಕಣ್ಣಿನ ಆಪರೇಷನ್ನಿಗೆಂದು ಯಾದಗಿರಿಗೆ ಕರೆದೊಯ್ದ ತಮ್ಮ ಆಮೇಲೆ ತನ್ನ ಮನೆಯಲ್ಲೇ ಇಟ್ಟುಕೊಂಡ. ಅಲ್ಲೇ ತೀರಿದರು. ಸುದ್ದಿ ಕೇಳಿ ಖಾಲಾ ಬಸ್ಸು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಬಂದವರೆಲ್ಲರ ಎದುರು ಅಕ್ಕತಮ್ಮಂದಿರು ಕೂಗಾಡಿದರು. ಅಂದಿನಿಂದ ಏಳು ವರ್ಷ ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿಲ್ಲ. ತಪ್ಪಿ ಬಂದರೂ ಬೈಗುಳದ ಜೊತೆಗೇ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಖಾಲಾ ಬಂದು ಕೂತರು. "ಎಲ್ಲಾರನ್ನೂ ಊಟಕ್ಕ ಕರೀಬೇಕು" ಎಂದರು.

"ಏನು ವಿಶೇಷರಿ?"

"ವಿಶೇಷ ಏನು? ಉಣ್ಣಾಕ. ಬರೋ ಐತವಾರ. ಯಾದಗಿರಿಗೆ ನೀ ಫೋನ್ ಮಾಡು. ನಾ ಆ ಕತ್ತಿ ಕೂಡ ಮಾತಾಡಂಗಿಲ್ಲ."

ಅವರ ಬಾಯಲ್ಲಿ ಕತ್ತೆಯಾಗಿದ್ದ ಆ ತಮ್ಮನನ್ನು ನಾನು ಮಾಮು ಎನ್ನುತ್ತಿದ್ದೆ. ಯಾದಗಿರಿ ಸ್ಟೇಷನ್ ಕಡೆ ಗ್ಯಾಸ್ ಒಲೆ ರಿಪೇರಿ ಅಂಗಡಿ ಅವರದು. ಏಳು ವರ್ಷದ ಮೇಲೆ ಈ ಮನೆಯಿಂದ ಹೋಗುತ್ತಿರುವ ಮೊದಲ ಕರೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮಾತುಗಳನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿಕೊಂಡು ಫೋನ್ ಮಾಡಿದೆ.

"ಮಾಮು, ನಾನ್ರಿ, ಸುರಪುರದಿಂದ. ಖಾಲಾ ಅವರ ಬಾಜೂ ಮನಿ ಹುಡುಗಿ."

"ಏನಾತು?"

"ಖಾಲಾ ನಿಮ್ಮನ್ನ ಬಾಳ ನೆನಸ್ತಿದ್ರು, ಮಾಮು. ನೀವು ಎಲ್ಲಾರೂ ಬರಬೇಕ್ರಿ..."

ಐತವಾರ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ತಿರುಗಿ ಮಾಡಿದೆ, ಹತ್ತಲಿಲ್ಲ. ಸಂಜೆ ಮಾಡಿದರಾಯಿತು ಎಂದು ಸುಮ್ಮನಾದೆ.

ಎರಡು ತಾಸಿನ ಮೇಲೆ ಓಣಿಗೆ ಒಂದು ಜೀಪು ಬಂದು ನಿಂತಿತು. ನಾನು ಅಂಗಡಿಯಲ್ಲೇ ಇದ್ದೆ. ಖಾಲಾ ಒಬ್ಬ ಮದುವೆ ಹುಡುಗಿಗೆ ಹಸಿರು ಬಳೆ ತೊಡಿಸುತ್ತಿದ್ದರು. ಜೀಪಿನಿಂದ ಮಾಮು ಇಳಿದರು, ಅವರ ಹಿಂದೆ ಹೆಂಡತಿ, ಇನ್ನೂ ಐದಾರು ಮಂದಿ. ಮಾಮು ಬಾಗಿಲಿನ ತನಕವೂ ಬರಲಾರದೆ ಕಟ್ಟೆಯ ಮೇಲೆ ಕುಸಿದರು.

"ಆಪಾ! ನನ್ನ ಬಿಟ್ಟು ಹೋದೆಲ್ಲಾ ಆಪಾ! ಕೈತುತ್ತು ಉಣಿಸಿ ಬೆಳೆಸಿದೆ, ನಿನ್ನ ಮುಖ ನೋಡದಂಗ ಇದ್ದೆ, ನಾ ಎಂಥಾ ಪಾಪಿ..."

ಅಕ್ಕತಮ್ಮಂದಿರ ಮಾತು ದಖನಿಯಲ್ಲಿ, ಆಪಾ ಎಂದರೆ ಅಕ್ಕ. ನನ್ನ ಕೈಲಾದಷ್ಟು ಕನ್ನಡಕ್ಕೆ ತಂದಿದ್ದೇನೆ. ಅವರ ಹೆಂಡತಿ ಎದೆ ಬಡಿದುಕೊಂಡು ಅಳುತ್ತಿದ್ದರು. ಒಳಗಿನಿಂದ ಖಾಲಾ ಅವರ ದನಿ ಬಂತು.

"ಏಯ್, ತಡಿಯೋ! ಬಳಿ ಗಂಟಿನ್ಯಾಗ ಅದ!"

ಅಳು ಒಮ್ಮೆಲೇ ನಿಂತಿತು. ಆ ಹುಡುಗಿ ಹೆದರಿ ಕೈ ಎಳೆದುಕೊಳ್ಳಲು ಹೋದಳು, ಖಾಲಾ ಬಿಡಲಿಲ್ಲ. ಬಳೆಯನ್ನು ನಾಜೂಕಾಗಿ ಗಂಟು ದಾಟಿಸಿ, ಮಣಿಕಟ್ಟಿಗೆ ಕೂರಿಸಿ, ಆಮೇಲೆ ಎದ್ದು ಹೊರಗೆ ಬಂದರು. "ಏನಾಗ್ಯಾದ ನಿನಗ? ಯಾರು ಸತ್ತಾರ?"

ಮಾಮು ಬಾಯಿ ತೆರೆದು ನೋಡಿದರು. ಮೊದಲು ಮುಖದ ಮೇಲೆ ಬೆಳಕು ಬಂತು. ಆಮೇಲೆ ಸಿಟ್ಟು ಏರಿತು.

"ನೀ ಸತ್ತೀಯಂತ! ಈ ಹುಡುಗಿ ಫೋನ್ ಮಾಡಿದಳು!"

"ನಾ ಎಲ್ಲಿ ಹಂಗಂದೆ ಮಾಮು?"

"'ನೆನಸ್ತಿದ್ರು' ಅನ್ನಲಿಲ್ಲಾ ನೀನು? 'ನೆನಸ್ತಾರ' ಅಂದ್ರ ಇದ್ದವರು. 'ನೆನಸ್ತಿದ್ರು' ಅಂದ್ರ ಯಾರು? ಇಂಗ್ಲಿಷ್ ಓದಿದಾಕಿ, ಇಷ್ಟೂ ತಿಳಿಯಂಗಿಲ್ಲೇನು?"

ಅಷ್ಟರಲ್ಲಿ ಸೈದಾಪುರದಿಂದ ಮಾಮು ಅವರ ಮಗ ಕಾರ್ಖಾನೆಯ ಸಮವಸ್ತ್ರದಲ್ಲೇ ಬೈಕಿನಲ್ಲಿ ಬಂದಿಳಿದ. ಬರುವ ಮೊದಲೇ ಮನೆತನದ ವಾಟ್ಸಾಪ್ ಗುಂಪಿಗೆ ಖಾಲಾ ಅವರ ಫೋಟೋ ಹಾಕಿ, ಸುತ್ತ ಕಪ್ಪು ಗೆರೆ ಎಳೆದು ಕಳಿಸಿದ್ದ. ಯಾರೋ ಅದನ್ನು ಖಾಲಾಗೆ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದ್ಯಾಕ ಹಾಕಿದ್ಯೋ? ಇದರಾಗ ನನ್ನ ಕಣ್ಣು ಮುಚ್ಯಾವ" ಎಂದರು.

ಮಾಮು ಅವರ ಹೆಂಡತಿಯ ಮಡಿಲಿನಲ್ಲಿ ಒಂದು ಗಂಟಿತ್ತು. ಬರುವ ದಾರಿಯಲ್ಲಿ ಶಹಾಪುರದಲ್ಲಿ ಜೀಪು ನಿಲ್ಲಿಸಿ ಹೆಣಕ್ಕೆ ಸುತ್ತುವ ಕಫನಿಗೆಂದು ಬಿಳಿ ಬಟ್ಟೆ ತಂದಿದ್ದರು. ಅವರು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಲು ನೋಡಿದಷ್ಟೂ ಅದು ಕಣ್ಣಿಗೆ ಬೀಳುತ್ತಿತ್ತು. ಖಾಲಾ ಕೈ ಚಾಚಿ ಇಸಿದುಕೊಂಡರು. ಬಿಚ್ಚಿ, ಬೆರಳ ನಡುವೆ ಹಿಡಿದು ಉಜ್ಜಿ, ಬಿಸಿಲಿಗೆ ಎತ್ತಿ ನೋಡಿದರು.

"ಇಷ್ಟು ಜಾಳು ಬಟ್ಟಿ ತಂದೀಯೇನೋ ನನಗ? ಆಚೀಚೆ ಕಾಣ್ತದ!"

ಮೊದಲು ನಕ್ಕವಳು ಆ ಮದುವೆ ಹುಡುಗಿ. ಆಮೇಲೆ ಓಣಿಯೇ ನಕ್ಕಿತು. ಮಾಮು ನಗಲಿಲ್ಲ. ಎದ್ದು ಜೀಪಿನ ಕಡೆ ನಡೆದರು. ಖಾಲಾ ಕೂಗಿದರು: "ಹೋಗು! ಅವತ್ತೂ ನನ್ನ ಬಿಟ್ಟೇ ಮಣ್ಣು ಮಾಡಿದಿ, ಇವತ್ತೂ ಬಿಟ್ಟು ಹೋಗು! ಅಮ್ಮೀ ಮುಖ ನೋಡಾಕ ಬಿಡಲಿಲ್ಲ ನೀ ನನಗ!"

ಮಾಮು ತಿರುಗಿದರು. ದನಿ ಏರಲಿಲ್ಲ. "ಎರಡು ತಾಸು ಕಾದೆ ಆಪಾ. ಬಿರುಬ್ಯಾಸಗಿ. ಹಿರ್ಯಾರು ಬೈಯಾಕತ್ತಿದ್ರು, ಹೊತ್ತಾಗ್ತದ ಎತ್ತು ಅಂತ. ನಾ ಬಾಗಿಲಿಗೆ ಅಡ್ಡ ನಿಂತಿದ್ದೆ. ಅಕ್ಕ ಬರ್ತಾಳ, ಅಕ್ಕ ಬರ್ತಾಳ ಅಂತ ಎಲ್ಲಾರ ಕಾಲೂ ಹಿಡದೆ. ಕಡೀಗೆ ನನ್ನ ಎತ್ತಿ ಬಾಜೂಕ ಕೂಡ್ರಿಸಿ ಒಯ್ದ್ರು."

"ಏಳು ವರ್ಷ ಇದನ್ನ ಯಾಕ ಹೇಳಲಿಲ್ಲ?"

"ನೀ ಕೇಳಿದ್ದೇನು? ಬಂದಾಕಿ ಬಾಯಿ ತಗದಿ. ಕಿವಿ ತಗೀಲಿಲ್ಲ."

ಖಾಲಾ ನಿಂತೇ ಇದ್ದರು. ಅವರು ಕೂರದೆ ಮಾತು ಕೇಳಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ. ಆಮೇಲೆ ಹೋಗಿ ತಮ್ಮನ ಮುಂಗೈ ಹಿಡಿದರು. ಹಿಡಿದು, ಬೆರಳ ಗಂಟುಗಳನ್ನು ಒತ್ತಿ ನೋಡಿ, "ಎಷ್ಟು ಸಣ್ಣ ಆಗೀಯೋ ಕತ್ತಿ" ಎಂದರು. ಮಾಮು ಅತ್ತರು. ಈ ಸಲ ಸದ್ದಿರಲಿಲ್ಲ.

ಇಷ್ಟು ಮಂದಿಗೆ ಊಟ ಎಲ್ಲಿಂದ ತರುವುದು? ಖಾಲಾ ಮನೆಯಲ್ಲಿ ಇದ್ದದ್ದು ಎರಡು ರೊಟ್ಟಿ, ಬೆಳಗಿನ ಬ್ಯಾಳಿ. ಅವ್ವ ಒಲೆ ಹೊತ್ತಿಸಿ ಜೋಳದ ರೊಟ್ಟಿ ಬಡಿಯಲು ಕೂತಳು. ಎದುರಿನ ಮನೆಯಿಂದ ಪುಂಡಿಪಲ್ಯ ಬಂತು, ಮದುವೆ ಹುಡುಗಿಯ ತಾಯಿ ಒಂದು ಬುಟ್ಟಿ ಸೌತೆಕಾಯಿ ಕಳಿಸಿದಳು. ಅಂಗಡಿಯ ಬಳೆ ಡಬ್ಬಿಗಳನ್ನೆಲ್ಲ ಗೋಡೆಗೆ ಸರಿಸಿ ಜಾಗ ಮಾಡಿದೆವು. ನೆಲಕ್ಕೆ ಹಾಸಲು ಅಷ್ಟುದ್ದದ ಬಟ್ಟೆ ಇರಲಿಲ್ಲ. ಖಾಲಾ ಆ ಬಿಳಿ ಬಟ್ಟೆಯನ್ನೇ ಝಾಡಿಸಿ ಹಾಸಿದರು.

"ತೌಬಾ ತೌಬಾ! ಇದರ ಮ್ಯಾಲೆ ಉಣ್ಣೋದೇನು ಆಪಾ?" ಎಂದು ಮಾಮು ಅವರ ಹೆಂಡತಿ ಹೌಹಾರಿದರು.

"ನನಗ ತಂದದ್ದಲ್ಲಾ? ನಾ ಹಾಸೀನಿ. ಕೂಡ್ರು."

ಎಲ್ಲರೂ ಕೂತರು. ಮೊದಲ ತುತ್ತು ಯಾರಿಗೂ ಇಳಿಯಲಿಲ್ಲ, ಎರಡನೆಯದು ಇಳಿಯಿತು. ರೊಟ್ಟಿ ಸಾಲದಾಯಿತು. ಮಾಮು ಅವರ ಮಗ ಗುಂಪಿಗೆ "ಅತ್ತೆ ಬದುಕಿದ್ದಾರೆ, ಊಟ ಮಾಡುತ್ತಿದ್ದಾರೆ" ಎಂದು ಬರೆದು ಫೋಟೋ ಹಾಕಿದ. ಹೈದರಾಬಾದಿನಿಂದ ಯಾರೋ ಫೋನ್ ಮಾಡಿ, ಯಾವುದನ್ನು ನಂಬಬೇಕು ಎಂದು ಕೇಳಿದರು. ಖಾಲಾ ನನ್ನ ಕಡೆ ರೊಟ್ಟಿ ತೋರಿಸಿ ಎಲ್ಲರಿಗೂ ಹೇಳಿದರು: "ಒಂದು ಫೋನ್ ಮಾಡಾಕ ಬರಂಗಿಲ್ಲ. ಸಿನಿಮಾ ಕನ್ನಡ ಮಾಡ್ತಾಳ ಇವಳು!"

ಆ ಬಟ್ಟೆಯಲ್ಲಿ ಅವರು ಆಮೇಲೆ ನಾಲ್ಕು ದಿಂಬಿನ ಚೀಲ ಹೊಲಿದರು. ಒಂದು ಜೊತೆ ಯಾದಗಿರಿಗೆ ಹೋಯಿತು.

ಸಿನಿಮಾ ಕೆಲಸ ಒಂಬತ್ತನೆಯ ದಿನ ಮುಗಿಸಿ ಕಳಿಸಿದೆ. ಈ ಭಾಷೆ ಎಲ್ಲ ಕಡೆಯವರಿಗೂ ತಿಳಿಯುತ್ತದೆಯೇ ಎಂದು ಮೇಲಿನವರು ಒಂದಷ್ಟು ತಕರಾರು ಮಾಡಿದರು. ಹತ್ತಿಪ್ಪತ್ತು ಸಾಲು ತಿದ್ದಿಸಿದರು. ಕೊನೆಗೆ ಒಂದೇ ಸಾಲು ಬರೆದರು: "ನಗು ಬಂತು, ಇರಲಿ." ಆಮೇಲೆ ಇಲ್ಲಿಯ ತನಕ ನನಗೆ ಕೆಲಸ ತಪ್ಪಿಲ್ಲ.

ಚಿತ್ರ ಮೊಬೈಲಿಗೆ ಬಂದಾಗ ಖಾಲಾಗೆ ತೋರಿಸಿದೆ. ನಾನು ಓದುತ್ತ ಹೋದಂತೆ ಅವರು ನಡುನಡುವೆ ಬೆರಳೆತ್ತಿ "ಇದು ನಂದು" ಎನ್ನುತ್ತಿದ್ದರು. "ಇದೂ ನಂದು." ಕೊನೆಯಲ್ಲಿ ಹೆಸರುಗಳ ಸಾಲಿನಲ್ಲಿ ಕನ್ನಡಕ್ಕೆ ಎಂದು ನನ್ನ ಹೆಸರೊಂದೇ ಬಂತು. ನಾಚಿಕೆಯಾಯಿತು. ನಿಮ್ಮ ಹೆಸರೂ ಹಾಕಿ ಎಂದು ಕೇಳಬೇಕಿತ್ತು, ಕೇಳಲಿಲ್ಲ ಎಂದೆ.

"ನನ್ನ ಹೆಸರು ನೋಡಿ ಇಂಗ್ಲೆಂಡಿನವರು ಬಳಿ ಇಡಿಸ್ಕೊಳ್ಳಾಕ ಬರ್ತಾರೇನು?" ಎಂದರು. ಆಮೇಲೆ ಕನ್ನಡಕದ ದಾರವನ್ನು ಕಿವಿಯಿಂದ ಬಿಡಿಸುತ್ತ, "ಆ ಅಜ್ಜನ ಕೈ ಯಾರರ ಹಿಡೀಬೇಕಿತ್ತು" ಎಂದರು.

ಅವರಿದ್ದಷ್ಟು ದಿನ ನನ್ನ ಪ್ರತಿ ಕೆಲಸವೂ ಒಮ್ಮೆ ಅವರ ಕಿವಿಗೆ ಬಿದ್ದೇ ಹೋಗುತ್ತಿತ್ತು. ಓದುವಾಗ ಅವರು ನನ್ನ ಮುಂಗೈ ಹಿಡಿದಿರುತ್ತಿದ್ದರು. ಸಾಲು ಸುಳ್ಳಾದ ಕಡೆ ಬೆರಳು ಒತ್ತುತ್ತಿತ್ತು. ಕನ್ನಡ ಬರೆದು ನಾನು ಉಣ್ಣುವ ಅನ್ನಕ್ಕೆ ಆ ಒತ್ತುವ ಬೆರಳು ಕಾರಣ. ಎಂ.ಎ. ತರಗತಿಗಳಲ್ಲಿ ಅದು ಸಿಕ್ಕಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಖಾಲಾಗೆ ಎದೆ ಕಟ್ಟಿತು. ಮಾಮು ಅಂಗಡಿ ಮುಚ್ಚಿ ಬಂದು ಮೂರು ದಿನ ಅವರ ಮಂಚದ ಬದಿಗೇ ಕೂತರು. ಮೂರನೆಯ ದಿನ ಬೆಳಿಗ್ಗೆ, ತಮ್ಮ ಚಹಾ ಕುಡಿಸುತ್ತಿದ್ದಾಗ, ಎರಡು ಗುಟುಕು ಕುಡಿದು ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ. ಕೂಗಾಟವಿರಲಿಲ್ಲ, ಗದ್ದಲವಿರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಒಳಗೆ ಹೋಗಿ ಅವರ ಕೈ ಮುಟ್ಟಿ ಹೊರಗೆ ಬಂದರು.

ಮಣ್ಣು ಮುಗಿಸಿ ಬಂದ ಮೇಲೆ ಮಾಮು ನಮ್ಮ ಕಟ್ಟೆಗೆ ಬಂದು ನಿಂತರು.

"ಆ ಏಳು ವರ್ಷ... ನನ್ನ ಬಗ್ಗೆ ಏನರ ಅಂತಿದ್ದಳೇನು ಬೇಟಿ?"

ಒಳ್ಳೆಯ ಮಾತೊಂದನ್ನು ಕಟ್ಟಿ ಹೇಳಬಹುದಿತ್ತು. ಅವರೂ ಅದಕ್ಕೇ ಬಂದಿದ್ದರೇನೋ.

"ಬೈತಿದ್ರು, ಮಾಮು."

"ಏನಂತ?"

"ಕತ್ತಿ ಅಂತ."

"ಬರೀ ಕತ್ತಿ?"

"ಇಲ್ರಿ. ಮೊಂಡ ಕತ್ತಿ. ರಂಜಾನ್ ಹಬ್ಬ ಬಂದ್ರ ಸಾಕು, 'ಆ ಮೊಂಡ ಕತ್ತಿಗೆ ಶೀರಕುರ್ಮಾ ಪಾಯಸದಾಗ ಉತ್ತತ್ತಿ ಬಾಳ ಇರಬೇಕು, ಅವನ ಹೆಂಡ್ತಿ ಹಾಕ್ತಾಳೋ ಇಲ್ಲೋ' ಅಂತಿದ್ರು."

ಮಾಮು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಸರಿಯಾಗಿ ಕೂತು, ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಮತ್ತ ಏನಂತಿದ್ದಳು? ಒಂದೂ ಬಿಡಬ್ಯಾಡ. ಎಲ್ಲಾ ಹೇಳು."

ನಾನು ಹೇಳತೊಡಗಿದೆ.